ತಂಪಮ್ಮನ ಉಸಿರು

ಕಡ್ಡಿರಾಂಪುರದ ಗಾದಿಲಿಂಗಪ್ಪ ಬದುಕಿನ ಬಹುಭಾಗವನ್ನು ಸೋರುವುದನ್ನು ನಿಲ್ಲಿಸುವುದರಲ್ಲೇ ಕಳೆದವನು. ಅವನು ಕಾಲುವೆಯ ಸೌಡಿಯಾಗಿದ್ದ. ಸೌಡಿಯೆಂದರೆ ದಂಡೆಗುಂಟ ನಡೆದು, ತೂಬಿನ ಬಾಗಿಲು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ನೀರೆಂದು ಪಾಳಿಯ ಪ್ರಕಾರ ಬಿಡುವವನು. ಕೇಳುವುದಕ್ಕೆ ರಾಜನ ಕೆಲಸ. ನೀರು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಏಡಿ ಕೊರೆದ ತೂತಿನಿಂದ ಸೋರುತ್ತಿತ್ತು, ಹೆಗ್ಗಣದ ಬಿಲದಿಂದ ಸೋರುತ್ತಿತ್ತು, ಏಡಿಯೂ ಹೆಗ್ಗಣವೂ ಇಲ್ಲದ ಕಡೆ ಯಾರದೋ ಸಲಿಕೆಯ ದಯದಿಂದ ಸೋರುತ್ತಿತ್ತು. ದಂಡೆಯ ಮೇಲೆ ಮಾತಾಡಲು ಬೇರೆ ಯಾರೂ ಸಿಗದೆ ಅವನು ನೀರಿನ ಜೊತೆಗೇ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದ. "ಎಲ್ಲಿಗೆ ಹೊಂಟಿ? ನಿಲ್ಲು, ನಾ ಬಿಡಂಗಿಲ್ಲ" ಎಂದು ಗದರಿಸುತ್ತ ಹಸಿಮಣ್ಣಿನ ಉಂಡೆಯನ್ನು ತೂತಿಗೆ ಬಡಿಯುತ್ತಿದ್ದ.

ನಿವೃತ್ತನಾದ ಮೇಲೆ ಕೆಲಸ ಬಿಟ್ಟಿತು, ಕಿವಿ ಬಿಡಲಿಲ್ಲ. ಅಣ್ಣನ ಮಗನಿಗೆ ಹೆಣ್ಣು ನೋಡಲು ಕಂಪ್ಲಿಗೆ ಹೋದಾಗ, ಹಿರಿಯರು ಕೊಡುವುದು ಬಿಡುವುದು ಮಾತಾಡುತ್ತಿದ್ದ ಹೊತ್ತಿನಲ್ಲಿ ಅವನು ಥಟ್ಟನೆ ಎದ್ದು ಹಿತ್ತಲಿಗೆ ನಡೆದ. ಏಣಿ ಹತ್ತಿ, ಅವರ ಮನೆಯ ನೀರಿನ ಟಾಕಿಯೊಳಗೆ ಕೈ ಹಾಕಿ, ವರ್ಷದಿಂದ ಸುಮ್ಮನೆ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಸರಿ ಮಾಡಿ, ಎದೆಯವರೆಗೆ ನೆನೆದು ಬಂದು ಮತ್ತೆ ತನ್ನ ಜಾಗದಲ್ಲಿ ಕುಳಿತ. ಹೆಣ್ಣಿನ ಅಜ್ಜ ಎಷ್ಟು ಸಂತೋಷಪಟ್ಟನೆಂದರೆ, ಹುಡುಗ ಏನು ಮಾಡಿಕೊಂಡಿದ್ದಾನೆ ಎಂದು ಕೇಳುವುದನ್ನೇ ಮರೆತು ವೀಳ್ಯ ಬದಲಿಸಿಬಿಟ್ಟ.

ಇಂಥವನ ಮನೆಗೆ ಒಂದು ಬೇಸಿಗೆಯಲ್ಲಿ ಎಸಿ ಬಂತು.

ಬಂದದ್ದಕ್ಕೆ ಕಾರಣವಿತ್ತು. ಅವನದು ಕಲ್ಲು ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆ. ಮಳೆಗಾಲದಲ್ಲಿ ಸೋರುತ್ತದೆಂದು ಅವನು ನಡುಮನೆಯ ಮಣ್ಣಿನ ಮಾಳಿಗೆ ತೆಗೆಸಿ ಸಿಮೆಂಟಿನ ಸ್ಲ್ಯಾಬು ಹಾಕಿಸಿದ. ಸೋರುವುದು ನಿಂತಿತು; ಬದಲಿಗೆ ನಡುಮನೆ ರೊಟ್ಟಿ ಹಂಚಿನಂತೆ ಕಾಯತೊಡಗಿತು. ಹೋದ ಬೇಸಿಗೆಯಲ್ಲಿ ಅವನ ಹೆಂಡತಿ ಮರುಳಸಿದ್ದಮ್ಮ ಮಟಮಟ ಮಧ್ಯಾಹ್ನ ಅಲ್ಲಿಯೇ ತಲೆ ತಿರುಗಿ ಬಿದ್ದಳು. ಸಂಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಗಳು ಪೂಜಿತಾ ಬಸ್ಸು ಹಿಡಿದು ಓಡಿ ಬಂದಳು, ಅವ್ವನಿಗೆ ಗಾಳಿ ಬೀಸಿದಳು, ಅಪ್ಪನನ್ನು ಬೈದಳು. ಈ ಬೇಸಿಗೆಯ ಬಿಸಿಲು ಏರುವ ಮೊದಲೇ ಎಸಿ ಕೊಡಿಸಿದಳು. ಹೊಸಪೇಟೆಯ ದುರುಗೇಶ್ ಎಂಬ ಮೆಕಾನಿಕ್ ಬಂದು ಕೂಡಿಸಿ ಹೋದ.

ಎಸಿ ಮುಂಜಾನೆ ಶುರುವಾದರೆ ಸಂಜೆತನಕ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಅದರ ಕೆಳಗೆ ಕುಳಿತವರ ನೆತ್ತಿಗೆ ತಂಪು, ಕಾಲಿಗೆ ಸೆಕೆ. ದುರುಗೇಶನನ್ನು ಕರೆಸಿದರೆ ಅವನು ಮಷಿನ್ನಿನ ಬೆನ್ನು ತಟ್ಟಿ, "ಮಷಿನ್ ಮಸ್ತ್ ಐತ್ರಿ, ನಿಮ್ಮ ರೂಮೇ ಸರಿ ಇಲ್ಲ" ಎಂದು ಹೇಳಿ, ಇನ್ನೊಂದು ಮನೆಗೆ ಹೊತ್ತಾಯಿತೆಂದು ಬೈಕು ಏರಿದ.

ಆ ಭಾನುವಾರ ಪೂಜಿತಾ ಬಂದಾಗ ದೇವರ ಮುಂದಿನ ಊದುಬತ್ತಿಯೊಂದನ್ನು ತಂದು ಬಾಗಿಲ ಬುಡದಲ್ಲಿ ಹಿಡಿದಳು. ನೆಟ್ಟಗೆ ಏಳುತ್ತಿದ್ದ ಹೊಗೆ ಸೊಂಟ ಬಾಗಿಸಿ, ಬಾಗಿಲ ಕೆಳಗಿನ ಸಂದಿಯಲ್ಲಿ ತೂರಿ ಹೊರಗೆ ಹೋಯಿತು.

"ನೋಡಪ್ಪಾ, ಹೊಗಿ ಹೋದಲ್ಲೆಲ್ಲ ತಂಪು ಹೋಗ್ತೈತಿ. ಮ್ಯಾಲಿನ ಸಂದ್ಯಾಗಿಂದ ಬಿಸಿ ಒಳಗ ಬರ್ತೈತಿ, ಕೆಳಗಿನ ಸಂದ್ಯಾಗಿಂದ ತಂಪು ಸೋರತೈತಿ. ಕರೆಂಟೆಲ್ಲ ಬೀದಿ ತಂಪು ಮಾಡಾಕ ಹೊಂಟೈತಿ."

ಉಳಿದದ್ದು ಗಾದಿಲಿಂಗಪ್ಪನ ಕಿವಿಗೆ ಬೀಳಲಿಲ್ಲ. 'ಸೋರತೈತಿ' ಎಂಬ ಒಂದು ಮಾತು ಬಿತ್ತು. ಮೊಹರಮ್ಮಿನ ಅಲಾಯಿ ಹಬ್ಬದ ಹಲಗೆಯ ಸದ್ದು ಕೇಳಿದ ಹುಲಿವೇಷದವನಂತೆ ಅವನ ಮೈಯೆಲ್ಲ ಜುಮ್ಮೆಂದಿತು.

ಮರುದಿನವೇ ಊದುಬತ್ತಿಯ ದೊಡ್ಡ ಕಟ್ಟು ತಂದ. ಗಂಧದ ವಾಸನೆಯದು. ಲುಂಗಿ ಎತ್ತಿಕಟ್ಟಿ, ಹೊಗೆಯಾಡುವ ಕಡ್ಡಿ ಹಿಡಿದು, ಗೋಡೆಗುಂಟ ಮೆಲ್ಲಗೆ ನಡೆಯತೊಡಗಿದ. ಕಿಟಕಿಗೆ ಬೆಳಗಿದ, ಸ್ವಿಚ್ ಬೋರ್ಡಿಗೆ ಬೆಳಗಿದ, ಬೀಗದ ಕಿಂಡಿಗೆ ಬೆಳಗಿದ. ಹೊಗೆ ಎಲ್ಲೇ ಅತ್ತಿತ್ತ ವಾಲಲಿ, "ಇಲ್ಲೂ ಅದೀಯಾ?" ಎಂದು ಹಲ್ಲು ಕಡಿದು ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಹಳೆಯ ಸೀರೆಯನ್ನು ಕೊಳವೆಯಂತೆ ಹೊಲಿದು, ಉಸುಕು ತುಂಬಿ, ಹೆಬ್ಬಾವಿನಂಥ ಅದನ್ನು ಬಾಗಿಲ ಬುಡಕ್ಕೆ ಮಲಗಿಸಿದ. ಕಿಟಕಿಗೆ ರಬ್ಬರ್ ಪಟ್ಟಿ ಅಂಟಿಸಿದ, ಚೌಕಟ್ಟಿನ ಬಿರುಕಿಗೆ ಪುಟ್ಟಿ ಮೆತ್ತಿದ. ಎಸಿಯ ಪೈಪು ಹೊರಹೋಗುವ ತೂತಿಗೆ ದುರುಗೇಶ್ ಹಳೆಯ ಪೇಪರು ತುರುಕಿ ಹೋಗಿದ್ದ. ಅದನ್ನು ಕಿತ್ತು, "ಇದು ಕೆಲಸಾನ?" ಎಂದು ಇಲ್ಲದ ದುರುಗೇಶನನ್ನು ಕೇಳಿ, ಸಿಮೆಂಟು ಕಲಸಿದ.

ಮರುಳಸಿದ್ದಮ್ಮ ಮೊದಮೊದಲು ಸುಮ್ಮನಿದ್ದಳು. ಹೊರಗೆ ಹೋಗಬೇಕೆಂದರೆ ಉಸುಕಿನ ಹೆಬ್ಬಾವನ್ನು ಕಾಲಿಂದ ಸರಿಸಬೇಕು, ಬಂದ ಮೇಲೆ ಬಗ್ಗಿ ಮತ್ತೆ ಒತ್ತಬೇಕು. ಕೊನೆಗೊಂದು ದಿನ ಸೊಂಟ ಹಿಡಿದು ನಿಂತು ಹೇಳಿದಳು:

"ಇದೊಂದ್ ಯಾಕ ಬಿಟ್ರಿ? ನನ್ನ ಮೂಗಿನ ಹೊಳ್ಳಿನೂ ಮುಚ್ಚಿಬಿಡ್ರಿ. ಅಲ್ಲಿಂದಾನೂ ಗಾಳಿ ಹೋಗಾಕತ್ತೈತಿ."

"ನಿನ್ನ ಸಲುವಾಗೇ ಮಾಡಾಕತ್ತೀನಲೇ."

"ನನ್ನ ಸಲುವಾಗಾದ್ರ ನನ್ನ ಒಂದ್ ಮಾತ್ ಕೇಳ್ರಿ."

ಅವನಿಗೆ ಕೇಳಲು ಪುರುಸೊತ್ತಿರಲಿಲ್ಲ. ಇಷ್ಟೆಲ್ಲ ಮುಚ್ಚಿದರೂ ಎಸಿ ಇನ್ನೂ ನಿಲ್ಲದೆ ಓಡುತ್ತಿತ್ತು. ಒಂದು ತೂತು ಮುಚ್ಚಿದರೆ ಉಳಿದ ತೂತಿನಲ್ಲಿ ರಭಸ ಹೆಚ್ಚುವುದು ಕಾಲುವೆಯ ಧರ್ಮ. ಎಲ್ಲೋ ಒಂದು ಕಡೆ, ಅವನ ಕಣ್ಣು ತಪ್ಪಿಸಿ, ದೊಡ್ಡದೊಂದು ಸೋರಿಕೆ ಇತ್ತು.

ಇದೇ ಹೊತ್ತಿಗೆ ಊರಲ್ಲಿ ಇನ್ನೊಂದು ಸುದ್ದಿ ಎದ್ದಿತು. ಗಾದಿಲಿಂಗಪ್ಪನ ನಡುಮನೆಗೆ ಅಂಟಿಕೊಂಡೇ ಅಕ್ಕನಾಗಮ್ಮನ ದನದ ಮನೆ. ಅಕ್ಕನಾಗಮ್ಮನಿಗೆ ವಯಸ್ಸಾಗಿತ್ತು, ಲಚ್ಚಿ ಎಂಬ ಎಮ್ಮೆಯೊಂದು ಇತ್ತು, ಮತ್ತು ಇಡೀ ಓಣಿಗೆ ಕೇಳುವಂಥ ಗಂಟಲಿತ್ತು. ಅವಳ ದನದ ಮನೆಯ ಗೋಡೆಯೊಳಗೆ ದೇವಿ ಉದ್ಭವವಾಗಿದ್ದಾಳಂತೆ. ಸುಡುಬಿಸಿಲಿನಲ್ಲಿ ಗೋಡೆಯ ಬಾಯಿಂದ ತಣ್ಣನೆಯ ಉಸಿರು ಬಿಡುತ್ತಾಳಂತೆ. ಉಸಿರಿಗೆ ಗಂಧದ ವಾಸನೆಯಂತೆ. ಲಚ್ಚಿ ಆ ಗೋಡೆಗೆ ಹೊಟ್ಟೆ ಒತ್ತಿ ನಿಂತು ಕೊಡ ತುಂಬ ಹಾಲು ಕೊಡುತ್ತಿದೆಯಂತೆ. ಜನ ಅವಳಿಗೆ ತಂಪಮ್ಮ ಎಂದು ಹೆಸರಿಟ್ಟಿದ್ದರು.

ರಸ್ತೆ ಬದಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಹೋಟೆಲು ಇಟ್ಟಿದ್ದ ಕಾಳಪ್ಪ ಇದನ್ನೆಲ್ಲ ಗಾದಿಲಿಂಗಪ್ಪನಿಗೆ ವಿವರವಾಗಿ ಹೇಳಿದ. "ಕರೆಂಟ್ ಹೋದಾಗ ಮಾತ್ರ ಅಮ್ಮ ಉಸಿರು ಬಿಡಂಗಿಲ್ರಿ ಸೌಡಿಯವರ. ಕತ್ತಲಿ ಅಂದ್ರ ಆಕಿಗೆ ಆಗಂಗಿಲ್ಲ."

"ಹೌದಾ?" ಎಂದ ಗಾದಿಲಿಂಗಪ್ಪ. ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. "ಕಾಳಪ್ಪ, ನಿನ್ನ ಹತ್ರ ಹಳೇ ಟ್ಯೂಬಿನ ರಬ್ಬರ್ ಐತೇನು?"

ಅದೇ ಸಂಜೆ ಅವನು ಮತ್ತೆ ಕಡ್ಡಿ ಹಚ್ಚಿಕೊಂಡು ನಡುಮನೆಯ ತಿಜೋರಿಯ ಬಳಿ ಕುಕ್ಕರುಗಾಲಲ್ಲಿ ಕುಳಿತ. ತಿಜೋರಿ ಅಂದರೆ ಹೆಂಡತಿಯ ತವರಿನವರು ಕೊಟ್ಟ ಕಬ್ಬಿಣದ ಬೀರು. ಮದುವೆಯ ವರ್ಷ ಆ ಗೋಡೆಗೆ ನಿಂತದ್ದು ಕದಲಿರಲಿಲ್ಲ. ಹೊಗೆ ತಿಜೋರಿಯ ಹಿಂದಕ್ಕೆ ಹೋಗುವಂತೆ ಕಂಡಿತು, ಆದರೆ ಬೆಳಕು ಸಾಲದು. ಅವನು ಎದ್ದು, ಇದ್ದ ಕೆಲಸವನ್ನೆಲ್ಲ ಗಟ್ಟಿಯಾಗಿ ತನಗೆ ತಾನೇ ಒಪ್ಪಿಸಿಕೊಂಡ: "ಕೆಳಗಿಂದು ಇವತ್ತು ಮುಚ್ಚೀನಿ. ಮ್ಯಾಲಿಂದು ನಾಳಿ ಮುಚ್ಚತೀನಿ. ಆಮ್ಯಾಲ ಒಂದ್ ಹನಿನೂ ಬಿಡಂಗಿಲ್ಲ." ಕೆಳಗಿನದೆಂದರೆ ಟ್ಯೂಬಿನ ರಬ್ಬರ್ ಬಡಿದ ಹೊಸ್ತಿಲ ಬಿರುಕು, ಮೇಲಿನದೆಂದರೆ ಸ್ಲ್ಯಾಬಿನ ಕೆಳಗಿನ ಗವಾಕ್ಷಿ. ಹನಿ ಎಂದದ್ದು ಹಳೆಯ ಬಾಯಿಚಟ.

ಮರುದಿನ ಬೆಳಗಾಗುವಾಗ ಊರು ಎದ್ದು ನಿಂತಿತ್ತು. ಬಾಳೆ ತೋಟದವರು ಎಂಜಿನ್ನು ಹೊತ್ತು ಓಡುತ್ತಿದ್ದರು. ಗದ್ದೆಯವರು ಸಲಿಕೆ ಹಿಡಿದು ಓಡುತ್ತಿದ್ದರು. ಕಾಳಪ್ಪ ಮಿರ್ಚಿಯ ಬಾಣಲೆಯನ್ನು ಒಲೆಯ ಮೇಲೆಯೇ ಬಿಟ್ಟು ಬಂದು ಬಾಗಿಲು ಬಡಿದ. ಒಳಗಿನಿಂದ ಉಸುಕಿನ ಹೆಬ್ಬಾವು ಸರಿಸಿ ಬಾಗಿಲು ತೆಗೆಯುವಷ್ಟರಲ್ಲಿ ಅವನ ತಾಳ್ಮೆ ಮುಗಿದಿತ್ತು.

"ಸೌಡಿಯವರ! ಕಾಲುವಿ ಬಂದ್ ಮಾಡ್ತಾರಂತ! ಕೆಳಗಿನ ಕಾಲುವಿ ಆಗ್ಲೇ ಬಂದ್ ಆತಂತ, ಮ್ಯಾಲಿನ ಕಾಲುವಿ ಇವತ್ತ ಬಂದಂತ, ಆಮ್ಯಾಲ ಒಂದ್ ಹನಿನೂ ಬಿಡಂಗಿಲ್ಲಂತ!"

ತುಂಗಭದ್ರೆಗೆ ಮೇಲ್ಮಟ್ಟದ ಕಾಲುವೆ, ಕೆಳಮಟ್ಟದ ಕಾಲುವೆ ಎರಡೂ ಇವೆ. ಬೇಸಿಗೆಯಲ್ಲಿ ಅವುಗಳನ್ನು ಮುಚ್ಚುವ ಮಾತು ಬಂದರೆ ಇಲ್ಲಿ ಯಾರಿಗೂ ಅನ್ನ ಸೇರುವುದಿಲ್ಲ. ಬಾಳೆ ಗೊನೆ ಹಾಕುವ ಹೊತ್ತು. ಗಾದಿಲಿಂಗಪ್ಪ ಚಪ್ಪಲಿಯನ್ನೂ ಮೆಟ್ಟದೆ ಕಾಲುವೆಗೆ ಓಡಿದ. ನೀರು ಎಂದಿನಂತೆ ಹರಿಯುತ್ತಿತ್ತು. ದಂಡೆಯ ಮೇಲೆ ಮಾತ್ರ ಜಾತ್ರೆ. ಎಲ್ಲರೂ ಒಟ್ಟಿಗೆ ನೀರೆತ್ತಲು ನಿಂತು, ಪೈಪಿಗೆ ಪೈಪು ತೊಡರಿ, ಮಾತಿಗೆ ಮಾತು ಬೆಳೆದಿತ್ತು. ತನ್ನ ಜಾಗಕ್ಕೆ ಸೌಡಿಯಾಗಿ ಬಂದಿದ್ದ ತಿಪ್ಪೇಶನಿಗೆ ಅವನು ಅಲ್ಲಿಂದಲೇ ಫೋನು ಮಾಡಿದ.

"ಬಂದ್ ಮಾಡಂಗ ಯಾವ ಆರ್ಡರೂ ಬಂದಿಲ್ರಿ ಅಣ್ಣಾರ" ಎಂದ ತಿಪ್ಪೇಶ್. "ಯಾರ್ ಹೇಳಿದ್ರು?"

ಗಾದಿಲಿಂಗಪ್ಪ ಪಕ್ಕದಲ್ಲಿದ್ದ ಕಾಳಪ್ಪನನ್ನು ನೋಡಿದ. ಕಾಳಪ್ಪ ಕೈ ಮುಗಿದು, "ತಂಪಮ್ಮ. ನಿನ್ನೆ ಸಂಜಿಕ ಗೋಡ್ಯಾಗಿಂದ ಹೇಳಿಕಿ ಆತ್ರಿ. ನಾನ ಕಿವಿಯಾರೆ ಕೇಳೀನಿ. ಗಂಡುದನಿ" ಎಂದ.

"ತಂಪಮ್ಮ ಹೇಳ್ಯಾರಂತ" ಎಂದ ಗಾದಿಲಿಂಗಪ್ಪ ಫೋನಿಗೆ.

ಅತ್ತಲಿಂದ ತಿಪ್ಪೇಶ್ ಅಳುಕುತ್ತ ಕೇಳಿದ: "ಅವರು ಯಾವ ಡಿವಿಜನ್ ಮೇಡಂ ರಿ?"

ಆರ್ಡರು ಇಲ್ಲವೆಂದು ಸಾರಿ ಸಾರಿ ಹೇಳಿ ಜನರನ್ನು ಚದುರಿಸುವಷ್ಟರಲ್ಲಿ ಗಾದಿಲಿಂಗಪ್ಪನ ಗಂಟಲು ಬಿದ್ದುಹೋಯಿತು. ಬಿಸಿಲಿಗೆ ಕಾದ ಕಾಲು, ಒಣಗಿದ ಬಾಯಿ, ಕೆಂಪೇರಿದ ಮುಖ. "ಯಾವನವನು ಸುಳ್ಳು ಹುಟ್ಟಿಸಿದವನು? ಕೈಗೆ ಸಿಗಲಿ, ಕಾಲುವ್ಯಾಗ ಅದ್ದಿ ತೆಗೀತೀನಿ" ಎಂದು ಬೈಯುತ್ತ ಮನೆಗೆ ಬಂದ.

ಸಿಟ್ಟು ಇಳಿಸಿಕೊಳ್ಳಲು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಊದುಬತ್ತಿ ಹಚ್ಚಿದ. ಈ ಸಲ ಹೆಂಡತಿಯನ್ನು ಕರೆದು, ಇಬ್ಬರೂ ಸೇರಿ ಏದುಸಿರು ಬಿಡುತ್ತ ತಿಜೋರಿಯನ್ನು ಗೋಡೆಯಿಂದ ಈಚೆಗೆ ಎಳೆದರು. ಹಿಂದೆ, ನೆಲದಿಂದ ಮೊಣಕಾಲೆತ್ತರದಲ್ಲಿ, ಹಳೆಯ ದೀಪದ ಗೂಡೊಂದು ಕಂಡಿತು. ಹಿಂದೆ ಎರಡು ಮನೆಯೂ ಒಂದೇ ಆಗಿದ್ದಾಗ ಎರಡೂ ಕಡೆಗೆ ಬೆಳಕಾಗಲೆಂದು ಇಟ್ಟ ಗೂಡು. ಪಾಲಾದಾಗ ಯಾರೋ ಮಣ್ಣು ಮೆತ್ತಿದ್ದರು. ಹೆಗ್ಗಣಗಳು ಅದನ್ನು ಮತ್ತೆ ಒಂದು ಮಾಡಿದ್ದವು. ತೆಂಗಿನಕಾಯಿ ತೂರುವಷ್ಟು ತೂತು. ಊದುಬತ್ತಿ ಹಿಡಿದದ್ದೇ ತಡ, ಹೊಗೆ ಯಾರೋ ಕೂಗಿ ಕರೆದಂತೆ ಒಳಗೆ ಓಡಿತು.

"ಸಿಕ್ಕಿ!" ಎಂದು ಗಾದಿಲಿಂಗಪ್ಪ ಕೂಗಿದ. "ಇಲ್ಲಿ ಅಡಗೀಯೇನ್?"

ಎಷ್ಟು ಆಳವಿದೆಯೆಂದು ನೋಡಲು ಅವನು ತನ್ನ ಬಿದಿರಿನ ಬಡಿಗೆಯನ್ನು ತೂತಿನೊಳಗೆ ತಳ್ಳಿದ. ಅದು ಸಲೀಸಾಗಿ ಹೋಯಿತು. ಆಚೆಯಿಂದ ಒಂದು ಚೀರು ಕೇಳಿತು. ಅದರ ಹಿಂದೆಯೇ ಹತ್ತಾರು ಗಂಟಲುಗಳು, "ಹರಹರ ಮಹಾದೇವ!" ಬಡಿಗೆಯನ್ನು ಯಾರೋ ಹಿಡಿದುಕೊಂಡರು. ಅವನು ಎಳೆದ, ಅವರು ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವಾಗಿ ಬಿಟ್ಟರು. ಹೊರಗೆ ಬಂದ ಬಡಿಗೆಯ ತುದಿಗೆ ಅರಿಶಿನ ಕುಂಕುಮ ಹಚ್ಚಿತ್ತು, ಮಲ್ಲಿಗೆಯ ದಂಡೆ ಸುತ್ತಿತ್ತು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಗಾದಿಲಿಂಗಪ್ಪ ನೆಲಕ್ಕೆ ಬಗ್ಗಿ ತೂತಿಗೆ ಕಣ್ಣಿಟ್ಟ. ಆಚೆ ಕಡೆ ದೊಡ್ಡದೊಂದು ಕಪ್ಪು ಕಣ್ಣು ಅವನನ್ನೇ ನೋಡುತ್ತಿತ್ತು. ಅದು ಲಚ್ಚಿಯದು. ಲಚ್ಚಿ ಅವನ ಹುಬ್ಬನ್ನು ನೆಕ್ಕಿತು.

ಅವನು ಮುಖ ಒರೆಸಿಕೊಳ್ಳುತ್ತ ಬೀದಿ ಸುತ್ತಿ ದನದ ಮನೆಗೆ ಹೋದ. ಚಪ್ಪಲಿಗಳ ರಾಶಿ ದಾಟಿ ಒಳಗೆ ಹೊಕ್ಕರೆ, ಕಾಳಪ್ಪನ ಹೋಟೆಲಿನ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ಮುದುಕಿಯರು ಸೆರಗು ಸಡಿಲಿಸಿ ತಂಪಿಗೆ ಕುಳಿತಿದ್ದರು. ಗೋಡೆಯ ತೂತಿನ ಮೇಲೆ ಎರಡು ಬೆಳ್ಳಿಯ ಕಣ್ಣು, ನಡುವೆ ಮೂಗುತಿ, ತೂತೇ ಬಾಯಿ. ಅವನು ಆ ತೂತಿನ ಬಾಯಿಗೆ ಕೈ ಹಿಡಿದ. ಅವನದೇ ಎಸಿಯ ಗಾಳಿ, ಅವನದೇ ಊದುಬತ್ತಿಯ ವಾಸನೆ. ನಿನ್ನೆ ಸಂಜೆ ತಿಜೋರಿಯ ಬಳಿ ಆಡಿದ ಮಾತು ನೆನಪಾಯಿತು. ಕಾಲುವೆಯಲ್ಲಿ ಅದ್ದಿ ತೆಗೆಯಬೇಕಾದವನು ಯಾರೆಂದು ಗೊತ್ತಾಗಿ ಅವನ ಕಿವಿ ಬಿಸಿಯಾದವು.

"ಯಕ್ಕಾ, ಇದು ದೇವಿ ಅಲ್ಲ. ಇದು ನಮ್ಮ ಎಸಿ ಗಾಳಿ" ಎಂದ.

ಅಕ್ಕನಾಗಮ್ಮ ಅವನನ್ನು ಕನಿಕರದಿಂದ ನೋಡಿದಳು. "ಗಾಳಿಗೆ ನಿಂದು ನಂದು ಅಂತ ಐತೇನೋ ತಮ್ಮಾ?"

"ಕರೆಂಟಿಗೆ ಐತಿ ಯಕ್ಕಾ. ಮಾತಾಡಿದ್ದೂ ನಾನ."

"ನಿಮ್ಮ ಬಾಯಾಗ ಅಮ್ಮ ಮಾತಾಡ್ಯಾಳ" ಎಂದ ಕಾಳಪ್ಪ, ಬಿಟ್ಟುಕೊಡದೆ. "ನಿಮ್ಮ ಎಸಿನ್ಯಾಗ ಅಮ್ಮ ಬಂದು ಕುಂತಾಳ. ನಿಮ್ಮ ಪುಣ್ಯ ಸೌಡಿಯವರ. ನಮ್ಮ ಹೋಟ್ಲಾಗ ಫ್ರಿಜ್ ಐತಿ, ಯಾವ ದೇವ್ರೂ ಬರ್ಲಿಲ್ಲ."

ಗಾದಿಲಿಂಗಪ್ಪ ವಾದಿಸಲಿಲ್ಲ. ಮನೆಗೆ ಬಂದು ಇಟ್ಟಿಗೆ ಜೋಡಿಸಿ, ಸಿಮೆಂಟು ಬಡಿದು, ಗೂಡನ್ನೂ ಮೇಲಿನ ಗವಾಕ್ಷಿಯನ್ನೂ ಮುಚ್ಚಿದ. ಸ್ವಲ್ಪ ಹೊತ್ತಿಗೆ ನಡುಮನೆ ತಣ್ಣಗಾಯಿತು. ಮೊದಲ ಸಲ ನೆತ್ತಿಯಿಂದ ಪಾದದವರೆಗೆ ಒಂದೇ ತಂಪು. ಆಮೇಲೆ, ಅವನು ಇಡೀ ಬೇಸಿಗೆ ಕಾದಿದ್ದ ಸದ್ದು ಬಂತು: ಟಕ್. ಎಸಿಯ ಗುರುಗುಟ್ಟುವಿಕೆ ನಿಂತಿತು. ಹೊರಗಿನ ಪೆಟ್ಟಿಗೆಯೂ ಉಸಿರು ಕಟ್ಟಿ ಕುಳಿತಿತು. ಗಾದಿಲಿಂಗಪ್ಪ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿ ಆ ನಿಶ್ಶಬ್ದವನ್ನು ಕೇಳಿದ. ಕಾಲುವೆಯ ಮೇಲೆ ಇಷ್ಟು ವರ್ಷ ಅವನಿಗೆ ಒಮ್ಮೆಯೂ ಸಿಗದಿದ್ದ ಸುಖ ಅದು. ಎಲ್ಲಿಯೂ ಏನೂ ಸೋರುತ್ತಿರಲಿಲ್ಲ.

"ಕೇಳಿದ್ಯೇನಲೇ?" ಎಂದ.

ಮರುಳಸಿದ್ದಮ್ಮ ಅಲ್ಲಿರಲಿಲ್ಲ. ಅವಳು ಆಚೆ ಮನೆಯಲ್ಲಿ ಅಳುತ್ತಿದ್ದ ಅಕ್ಕನಾಗಮ್ಮನ ಬೆನ್ನು ಸವರುತ್ತಿದ್ದಳು.

ತಂಪು ನಿಂತ ದಿನವೇ ಲಚ್ಚಿ ಹಾಲು ಬಿಗಿಹಿಡಿಯಿತು. ಕೆಚ್ಚಲಿಗೆ ಕೈ ಹಾಕಿದರೆ ಬಕೆಟ್ಟು ಒದೆಯಿತು, ಮುಚ್ಚಿದ ತೂತಿಗೆ ಹಣೆ ಹಚ್ಚಿ ಅಂಬಾ ಎಂದಿತು. ಯಾರದೋ ಬೋರಿನ ಮೋಟಾರು ಸುಟ್ಟಿತು, ಯಾರದೋ ಮಿಕ್ಸರು ನಿಂತಿತು. ಎಲ್ಲವೂ ತಂಪಮ್ಮನ ಮುನಿಸಿನ ಲೆಕ್ಕಕ್ಕೆ ಹೋಯಿತು. ಗಾದಿಲಿಂಗಪ್ಪ ಬೀದಿಗೆ ಬಂದರೆ ಜನ ಮಾತು ನಿಲ್ಲಿಸುತ್ತಿದ್ದರು. ಹೋಟೆಲಿಗೆ ಹೋದರೆ ಕಾಳಪ್ಪ ಆರಿದ ಮಿರ್ಚಿ ಕೊಡುತ್ತಿದ್ದ. ಮನೆಯಲ್ಲಿ ಹೆಂಡತಿ ಊಟ ಬಡಿಸಿ, ತುಟಿ ಬಿಗಿದು, ಉಸುಕಿನ ಹೆಬ್ಬಾವು ಸರಿಸಿ ಹೊರಟುಬಿಡುತ್ತಿದ್ದಳು. ಅವನು ತಣ್ಣನೆಯ ಕೋಣೆಯಲ್ಲಿ ಒಬ್ಬನೇ ಕುಳಿತು ಅನ್ನ ಕಲಸುತ್ತಿದ್ದ. ಸಾರು ಬೇಗ ಆರುತ್ತಿತ್ತು.

ಭಾನುವಾರ ಪೂಜಿತಾ ಬಂದಳು. ಕಥೆ ಕೇಳಿ ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಟೀಚರಮ್ಮನ ಮುಖ ಹಾಕಿಕೊಂಡು ದನದ ಮನೆಗೆ ಹೋಗಿ, ಕುರ್ಚಿಯ ಮೇಲಿದ್ದವರಿಗೆಲ್ಲ ಬಿಸಿ ಗಾಳಿ ಯಾಕೆ ಮೇಲೇರುತ್ತದೆ, ತಣ್ಣನೆಯ ಗಾಳಿ ಯಾಕೆ ಕೆಳಗಿಳಿಯುತ್ತದೆ, ಎಸಿ ಹೇಗೆ ಕೆಲಸ ಮಾಡುತ್ತದೆ ಎಲ್ಲ ಬಿಡಿಸಿ ಹೇಳಿದಳು. ಜನ ಕೈ ಕಟ್ಟಿಕೊಂಡು, ತಲೆದೂಗುತ್ತ, ಒಂದು ಮಾತೂ ಆಡದೆ ಕೇಳಿದರು. ಇಷ್ಟು ಒಳ್ಳೆಯ ತರಗತಿ ಅವಳಿಗೆ ಸಂಡೂರಿನಲ್ಲೂ ಸಿಕ್ಕಿರಲಿಲ್ಲ. ಕೊನೆಗೆ ಒಬ್ಬ ಮುದುಕಿ ವಿನಯದಿಂದ ಕೇಳಿದಳು:

"ಭಾಳ ಚಲೋ ಹೇಳಿದ್ರಿ ಟೀಚರ್ರ. ಹಂಗಾರ ಅಮ್ಮಗ ಯಾವ ವಾರ ಶ್ರೇಷ್ಠ?"

ಪೂಜಿತಾ ಮನೆಗೆ ಮರಳಿ ಅಪ್ಪನ ಎದುರು ಕುಳಿತಳು. "ನನ್ ಕೈಲಿ ಆಗಂಗಿಲ್ಲಪ್ಪಾ. ನೀನ ಏನರ ಮಾಡು. ಮತ್ತ ಈ ರೂಮಿನಾಗ ಒಂದಿಷ್ಟ ಹೊಸ ಗಾಳಿ ಬರಾಕಾದ್ರೂ ದಾರಿ ಬಿಡು, ಮನಷ್ಯಾರು ಉಸಿರಾಡಬೇಕು."

ಗಾದಿಲಿಂಗಪ್ಪನಿಗೆ ದೇವರ ವಿಷಯ ಅಷ್ಟಾಗಿ ತಿಳಿಯದು, ಎಮ್ಮೆಯ ವಿಷಯ ಇನ್ನೂ ಕಡಿಮೆ. ಒಂದು ಕಡೆ ಇರುವುದನ್ನು ಇನ್ನೊಂದು ಕಡೆಯವರು ಕೇಳುವಾಗ ಏನು ಮಾಡಬೇಕೆಂಬುದು ಮಾತ್ರ ಗೊತ್ತಿತ್ತು. ಎದ್ದು, ಉಳಿ ಸುತ್ತಿಗೆ ತೆಗೆದುಕೊಂಡು, ತಾನೇ ಬಡಿದ ಸಿಮೆಂಟನ್ನು ತಾನೇ ಒಡೆದ. ಸಾಗವಾನಿಯ ಹಲಗೆಯೊಂದನ್ನು ಕೊಯ್ದು, ಗೂಡಿನ ಬಾಯಿಗೆ ಚೌಕಟ್ಟು ಕಟ್ಟಿ, ಎತ್ತಿ ಇಳಿಸುವಂಥ ಪುಟ್ಟ ಬಾಗಿಲು ಕೂಡಿಸಿದ. ಸುತ್ತ ರಬ್ಬರು, ಮೇಲೆ ಹಿಡಿಕೆ. ನೋಡಿದರೆ ತೂಬಿನ ಮರಿಯಂತಿತ್ತು.

ಆಮೇಲೆ ದನದ ಮನೆಗೆ ಹೋಗಿ ನಿಂತು, ದಂಡೆಯ ಮೇಲೆ ರೈತರಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದ: "ಕೇಳ್ರಿ. ಇನ್ನ ಮ್ಯಾಲೆ ಪಾಳಿ. ಮಧ್ಯಾಹ್ನ ಬಿಸಿಲು ಏರಿದಾಗೊಮ್ಮೆ, ಸಂಜಿಕ ಹಾಲು ಹಿಂಡೋ ಹೊತ್ತಿಗೊಮ್ಮೆ ಬಿಡತೀನಿ. ನಡುವ ಯಾರೂ ಕೇಳಬಾರದು. ಕದ್ದು ಬಾಗ್ಲಾ ಎತ್ತಿದ್ರ ಪಾಳಿ ಬಂದ್."

ಜನಕ್ಕೆ ಒಪ್ಪಿಗೆಯಾಯಿತು, ದೇವರಿಗೂ ಮಂಗಳಾರತಿಯ ಹೊತ್ತು ಅಂತ ಇರುತ್ತದಲ್ಲ. ಕಾಳಪ್ಪ ಅದನ್ನು 'ಅಮ್ಮನ ದರ್ಶನದ ವೇಳೆ' ಎಂದು ಹಲಗೆಯ ಮೇಲೆ ಬರೆಸಿ ತೂಗುಹಾಕಿದ. ಗಾದಿಲಿಂಗಪ್ಪನ ಕಣ್ಣು ಅಷ್ಟರಲ್ಲಿ ದನದ ಮನೆಯ ಬಾಗಿಲ ಮೇಲೆ ಬಿದ್ದಿತ್ತು. ತಡಿಕೆಯ ಬಾಗಿಲು, ಕೈ ತೂರುವಂಥ ಸಂದಿ.

"ಯಕ್ಕಾ, ಇಲ್ಲಿಂದ ಎಲ್ಲಾ ಹೊರಗ ಹೊಂಟೈತಿ" ಎಂದ, ಸಂಕಟದಿಂದ.

ಮರುದಿನದಿಂದ ಅವನು ದನದ ಮನೆಯ ಸಂದಿ ಮುಚ್ಚುವುದರಲ್ಲಿ ಮುಳುಗಿದ. ಲಚ್ಚಿಗೆ ಗೋಣಿಚೀಲದ ಪರದೆ ಬಂತು, ಬಾಗಿಲ ಬುಡಕ್ಕೆ ಉಸುಕಿನ ಹೆಬ್ಬಾವಿನ ತಂಗಿ ಬಂತು. ಸಗಣಿಯ ವಾಸನೆ ಹೋಗಲೆಂದು ಮೇಲೊಂದು ಕಿಂಡಿಯನ್ನು ಮಗಳ ಮಾತಿನಂತೆ ಬಿಟ್ಟ. ಊದುಬತ್ತಿ ಹಿಡಿದು ಎಮ್ಮೆಯ ಸುತ್ತ ಬರುವ ಅವನನ್ನು ಕಂಡು ಮುದುಕಿಯರು ತಾವೂ ಎದ್ದು ಹಿಂದಿನಿಂದ ಪ್ರದಕ್ಷಿಣೆ ಹಾಕತೊಡಗಿದರು. ಲಚ್ಚಿ ಹಾಲು ಬಿಟ್ಟಿತು. ಆ ಹಾಲಿನ ಗಟ್ಟಿ ಮೊಸರು ದಿನಾಲೂ ಗಾದಿಲಿಂಗಪ್ಪನ ಮನೆಗೆ ಬರತೊಡಗಿತು.

ಒಂದು ವಿಷಯ ಮಾತ್ರ ಅವನ ಕೈ ಮೀರಿತು. ಇಷ್ಟೆಲ್ಲ ಯಾರ ಸಲುವಾಗಿ ಮಾಡಿದನೋ ಆ ಮರುಳಸಿದ್ದಮ್ಮ ಮಧ್ಯಾಹ್ನದ ಪಾಳಿಗೆ ಸರಿಯಾಗಿ ಎದ್ದು ದನದ ಮನೆಗೆ ಹೋಗಿ ಕೂರುತ್ತಿದ್ದಳು. ನಡುಮನೆಯಲ್ಲಿ ಚಳಿಯಂತೆ, ಮಾತಿಗೆ ಜನವಿಲ್ಲವಂತೆ, ಟಕ್ ಎಂದಾಗ ಎದೆ ಧಸಕ್ ಎನ್ನುತ್ತದಂತೆ. ಆಚೆಯ ತಂಪು ಹದವಾಗಿದೆಯಂತೆ. "ಅದೂ ಇದ ಗಾಳಿನಲೇ!" ಎಂದು ಅವನು ಎಷ್ಟು ಹೇಳಿದರೂ, "ಇರಬಹುದ್ರಿ" ಎಂದು ಹತ್ತಿ ಬತ್ತಿಯ ಬುಟ್ಟಿ ಹಿಡಿದು ನಡೆಯುತ್ತಿದ್ದಳು. ಗೂಡಿನ ಬಾಗಿಲು ಎತ್ತಿದಾಗ ಆಚೆಯಿಂದ ಅವಳ ನಗು ಈಚೆಗೆ ಬರುತ್ತಿತ್ತು. ಬಾಗಿಲು ಇಳಿಸುವ ಹೊತ್ತಾದರೂ ಅವನು ಕೆಲವೊಮ್ಮೆ ಹಿಡಿಕೆ ಹಿಡಿದು ಸುಮ್ಮನೆ ಕುಳಿತಿರುತ್ತಿದ್ದ. ಎಸಿ ಓಡುತ್ತಿತ್ತು. ಓಡಲಿ ಎಂದುಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ತೂತಿನಿಂದ ಅವಳ ದನಿ ಬಂತು. "ರೀ, ಮಂಡಿ ಹಿಡದಾವ, ಏಳಾಕ ಆಗವಲ್ದು. ಒಂದ್ ಗ್ಲಾಸ್ ಚಾ ಮಾಡಿ ಇತ್ತಾಗ ಕೊಡ್ರಿ."

ಸುತ್ತಿ ಹೋಗಬೇಕೆಂದರೆ ಉಸುಕು ಸರಿಸಬೇಕು, ಬಾಗಿಲು ತೆರೆಯಬೇಕು, ತಂಪೆಲ್ಲ ಬೀದಿಗೆ. ಗಾದಿಲಿಂಗಪ್ಪ ಚಹಾ ಮಾಡಿ, ಗ್ಲಾಸನ್ನು ಬೆರಳ ತುದಿಯಲ್ಲಿ ಹಿಡಿದು, ಗೂಡಿನೊಳಗೆ ಕೈಯನ್ನು ಮೊಣಕೈವರೆಗೆ ಚಾಚಿದ.

ಆ ಹೊತ್ತಿಗೆ ಸರಿಯಾಗಿ, ತಂಪಮ್ಮನ ಮಹಿಮೆ ಕೇಳಿ ಕಂಪ್ಲಿಯಿಂದ ಮೊದಲ ಸಲ ಬಂದಿದ್ದ ಭಕ್ತನೊಬ್ಬ ಬಿಸಿಲಲ್ಲಿ ಬೆಂದು ಒಳಗೆ ಹೊಕ್ಕಿದ್ದ. ಅವನು ಬೆಳ್ಳಿ ಕಣ್ಣುಗಳ ಮುಂದೆ ಮಂಡಿಯೂರಿ ಕೈ ಮುಗಿದು ಕಣ್ಣು ಬಿಟ್ಟರೆ, ಅಮ್ಮನ ಬಾಯೊಳಗಿನಿಂದ ಒಂದು ಕೈ ಮೆಲ್ಲಗೆ ಹೊರಬಂದು ಹಬೆಯಾಡುವ ಚಹಾದ ಗ್ಲಾಸು ನೀಡುತ್ತಿದೆ. ಮರುಳಸಿದ್ದಮ್ಮ ಕೈ ಚಾಚುವಷ್ಟರಲ್ಲಿ ಅವನು ಅದನ್ನು ಎರಡೂ ಕೈಯಿಂದ ಇಸಿದುಕೊಂಡು ಕಣ್ಣಿಗೊತ್ತಿಕೊಂಡ. ದನದ ಮನೆ ಉಸಿರು ಬಿಗಿಹಿಡಿಯಿತು. ಲಚ್ಚಿ ಕೂಡ ಮೆಲುಕು ನಿಲ್ಲಿಸಿತು.

ಅವನು ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ. ಆಮೇಲೆ ತೂತಿನ ಹತ್ತಿರ ಬಗ್ಗಿ, ದೇವಿಗೆ ಮಾತ್ರ ಕೇಳುವಂತೆ, ಭಯಭಕ್ತಿಯಿಂದ ಹೇಳಿದ:

"ಅಮ್ಮಾ, ತಪ್ಪ ತಿಳಕಬ್ಯಾಡ. ಸಕ್ಕರಿ ಒಂಚೂರು ಕಮ್ಮಿ ಆಗೇತಿ."

ಒಳಗಿನ ಕೈ ಹಿಂದೆ ಸರಿಯಿತು. ಸ್ವಲ್ಪ ಹೊತ್ತಿಗೆ ಸಕ್ಕರೆ ಡಬ್ಬಿಯೊಂದಿಗೆ ಮತ್ತೆ ಬಂತು.